ದಾಟಿಹೋದ ಬಾಗಿಲು

ಕಥೆ ಅಂದಕೂಡಲೇ ಎಲ್ಲರೂ ಗೋಡೆಗೆ ಒರಗಿಬಿಟ್ಟಿರಿ. ಬೇಡ, ನೆಟ್ಟಗೆ ಕೂತುಕೊಳ್ಳಿ. ಇದು ನಿದ್ದೆ ಬರಿಸುವ ಕಥೆಯಲ್ಲ. ನನಗೇ ಇವತ್ತು ಈ ಪೀಠದ ಮೇಲೆ ನೆಮ್ಮದಿಯಾಗಿ ಕೂರಲು ಆಗುತ್ತಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಒಬ್ಬ ಶ್ರೀಮಂತ ಇದ್ದ. ಯಾವ ಊರು ಅಂತ ಕೇಳಬೇಡಿ, ನಿಮ್ಮೂರೇ ಅಂದುಕೊಂಡರೂ ನನ್ನ ತಕರಾರಿಲ್ಲ. ಕೆಟ್ಟವನಲ್ಲ, ನೋಡಿ. ಶ್ರಾವಣ ಬಂದರೆ ದಾಸೋಹ ಮಾಡಿಸುವವನು, ಪೂಜೆ ಮುಗಿಯದೆ ಬಾಯಿಗೆ ಹನಿ ನೀರು ಹಾಕದವನು. ಅರಮನೆಯಂಥ ಅವನ ವಾಡೆಯ ಎದುರಿಗೆ ಒಬ್ಬ ನೇಕಾರ, ಅವನ ಹೆಂಡತಿ, ಒಬ್ಬಳೇ ಮಗಳು. ಶ್ರೀಮಂತನಿಗೆ ಈ ಕಥೆಯಲ್ಲಿ ಹೆಸರಿಲ್ಲ, ನೇಕಾರನಿಗೂ ಇಲ್ಲ. ಆ ಹುಡುಗಿಗೆ ಮಾತ್ರ ಇದೆ. ಯಾಕಂದರೆ ಓಣಿಯಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಅದಕ್ಕ ಉಣಿಸಿದೇನವಾ?’ ಅಂತ ತಾಯಿಯನ್ನು ಕೇಳುತ್ತಿದ್ದರು. ಅದು ಅಂದರೆ ಏನ್ರೀ? ಕೊಡವೇ? ಕಟ್ಟಿಗೆಯೇ? ಅವಳ ಹೆಸರು ದಾನಮ್ಮ. ಒಂದು ಸಲ ಎಲ್ಲರೂ ಅನ್ನಿ. ದಾನಮ್ಮ. ಹಾಂ.

ದಾನಮ್ಮ ಹುಟ್ಟಿದಾಗ ಉಸಿರು ಸಿಗುವುದು ತಡವಾಯಿತು. ಅದರಿಂದ ಕಾಲು ಸೆಟೆದುಕೊಳ್ಳುತ್ತಿದ್ದವು, ಮಾತು ತೊದಲುತ್ತಿತ್ತು, ಬಾಯಿಂದ ಜೊಲ್ಲು ಸುರಿಯುತ್ತಿತ್ತು. ತಿಳಿವಳಿಕೆ ಮಾತ್ರ ನಿಮ್ಮ ನಮ್ಮೆಲ್ಲರಿಗಿಂತ ಚುರುಕು. ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದರು: ‘ದಿನಾ ಗ್ವಾಡಿ ಹಿಡಿಸಿ ನಡಸ್ರಿ. ಬೆಳಿಯೂ ಕಾಲು, ಈಗ ಬಿಟ್ರ ಬಿಗದು ಹೋಗ್ತಾವ.’

ನೇಕಾರನ ಮನೆಯಲ್ಲಿ ಜಾಗವೆಲ್ಲ ಮಗ್ಗಕ್ಕೇ ಹೋಗಿತ್ತು. ಓಣಿಯಲ್ಲಿ ಉದ್ದಕ್ಕೆ ಇದ್ದದ್ದು ವಾಡೆಯ ಗೋಡೆ ಒಂದೇ. ದಿನಾ ಸಂಜೆ ತಾಯಿ ಮಗಳನ್ನು ಅಲ್ಲಿ ನಿಲ್ಲಿಸುತ್ತಿದ್ದಳು. ದಾನಮ್ಮ ಹೆಜ್ಜೆ ಇಡುವಳು, ಬೀಳುವಳು, ನಗುವಳು, ಮತ್ತೆ ಏಳುವಳು. ಒಂದು ಸಂಜೆ ಗೋಡೆಯಿಂದ ಕೈ ತೆಗೆದು ನಿಂತೇಬಿಟ್ಟಳು! ಅಪ್ಪ ಮಗ್ಗ ಬಿಟ್ಟು ಓಡಿಬಂದ. ‘ಭಲೇ ನನ್ನ ಹುಲಿ! ಇನ್ನ ನಡದಾ ಬಿಡ್ತಾಳ ನೋಡಲೇ!’ ಅಂತ ಓಣಿಗೆಲ್ಲ ಕೇಳುವಂತೆ ಕೂಗಿದ.

ಅದೇ ಹೊತ್ತಿಗೆ ಶ್ರೀಮಂತನ ಸೊಸೆ ಬಸುರಿಯಾದಳು. ಶ್ರೀಮಂತನ ಹೆಂಡತಿ ಬಂದು ತಾಯಿಗೆ ಹೇಳಿದಳು: ‘ಸಿಟ್ಟಾಗಬ್ಯಾಡವಾ. ಬಸರಿ ಹೆಂಗಸಿನ ಕಣ್ಣಿಗೆ ಇಂಥವು ಬೀಳಬಾರ್ದಂತ. ಸಂಜಿಕ ಇಲ್ಲಿ ಅಡ್ಡಾಡಿಸಬ್ಯಾಡ.’ ಬೈಯಲಿಲ್ಲ, ನೋಡಿ. ಮೆತ್ತಗೆ ಹೇಳಿದಳು. ಮಗುವಿಗೆ ಅಂತ ಕೈಯಲ್ಲಿ ಎರಡು ಉಂಡಿಯನ್ನೂ ತಂದಿದ್ದಳು. ತಾಯಿ ಆ ಮಾತನ್ನೂ ನುಂಗಿಕೊಂಡಳು. ಓಣಿಯಲ್ಲಿ ಯಾರೂ ಇಲ್ಲದ ಮಟಮಟ ಮಧ್ಯಾಹ್ನದಲ್ಲಿ ಮಗಳನ್ನು ನಡೆಸತೊಡಗಿದಳು.

ಸೊಸೆಗೆ ಕುಬಸ ಬಂತು. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವುದು ನಿಮಗೆ ಗೊತ್ತೇ ಇದೆ. ವಾಡೆಯ ಹೆಂಗಸರು ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಕರೆಯಲು ಹೊರಟರು. ಬಳೆಗಳ ಸದ್ದು ಕೇಳಿ ದಾನಮ್ಮ ತೆವಳಿಕೊಂಡು ಹೊಸ್ತಿಲಿಗೆ ಬಂದಳು. ಹಣೆ ಮುಂದೆ ಮಾಡಿ ಕೂತಳು. ಆಚೆ ಮನೆಯವರಿಗೆ ಹಚ್ಚಿದರು, ಈಚೆ ಮನೆಯವರಿಗೆ ಹಚ್ಚಿದರು, ನಡುವಿನ ಬಾಗಿಲು ದಾಟಿ ಹೋದರು.

‘ಯವ್ವಾ, ನನಗ ಹಚ್ಚಲಿಲ್ಲ.’

‘ಮರತಾರವಾ. ತಿರಗಿ ಬರತಾರ.’

ಬರಲಿಲ್ಲ. ದೀಪ ಹಚ್ಚುವ ಹೊತ್ತಿನ ತನಕ ಮಗು ಹೊಸ್ತಿಲು ಬಿಟ್ಟು ಏಳಲಿಲ್ಲ.

ಮರುದಿನ ತಾಯಿ ಬಾಗಿಲು ಹಾಕಿದಳು, ಮಗಳನ್ನು ನಡೆಸಲು ಒಯ್ಯುವುದನ್ನೇ ಬಿಟ್ಟಳು. ಗಂಡ ರೇಗಿದ: ‘ಓಣಿ ಏನ್ ಅವರಪ್ಪಂದೇನ? ಕರಕೊಂಡು ಹೋಗು!’ ಅವಳು ಅಂದಳು: ‘ನನಗ ಅಂದ್ರ ಅನಸ್ಕೊಂತೀನಿ. ಆಕಿಗೆ ಎಲ್ಲಾ ತಿಳೀತೈತಿ. ನಿನ್ನೆ ರಾತ್ರಿ ನಾ ಏನ ತಪ್ಪ ಮಾಡೇನವಾ ಅಂತ ಕೇಳಿದ್ಲು. ಏನಂತ ಹೇಳ್ಲಿ?’ ಸೊಸೆ ಹೆರಿಗೆಗೆ ತವರಿಗೆ ಹೋದಳು. ಗೋಡೆ ಖಾಲಿ ಇತ್ತು, ಬೇಡ ಅನ್ನುವವರು ಯಾರೂ ಇರಲಿಲ್ಲ. ಆದರೂ ಆ ಬಾಗಿಲು ತೆರೆಯಲಿಲ್ಲ.

ಸೊಸೆ ಹಡೆದಳು. ಎಂಥ ಕೂಸು ಹುಟ್ಟಿತು? ಏನಂದಿರಿ ಯಜಮಾನರೇ, ಗಟ್ಟಿಯಾಗಿ ಹೇಳಿ. ‘ಅದೂ ಹಂಗಾ ಹುಟ್ಟಿರಬೇಕ್ರಿ, ಶಿವಾ ಸುಮ್ನ ಬಿಡತಾನೇನು’ ಅಂದಿರಾ? ಸಿಕ್ಕಿಬಿದ್ದಿರಿ ನೋಡಿ! ಕೂಸು ಗುಂಡುಗುಂಡಾಗಿ ಹುಟ್ಟಿತು. ಶ್ರೀಮಂತನಿಗೆ ಏನೂ ಆಗಲಿಲ್ಲ, ಈಗಲೂ ಚೆನ್ನಾಗಿದ್ದಾನೆ. ನಿರಾಸೆ ಆಯಿತೇ? ದಾನಮ್ಮನಂಥ ಮಗುವನ್ನು ಅವನಿಗೆ ಶಿಕ್ಷೆ ಅಂತ ಕೊಡಲು ಹೊರಟಿರಲ್ಲ, ಹಾಗಾದರೆ ನೇಕಾರನಿಗೆ ಅವಳು ಯಾವುದರ ಶಿಕ್ಷೆ? ಯಾವ ಮಗುವೂ ಯಾರಿಗೂ ಶಿಕ್ಷೆಯಲ್ಲರೀ. ಶ್ರೀಮಂತನ ಹೆಂಡತಿ ಅಂದದ್ದನ್ನೇ ನೀವೂ ಅಂದಿರಿ. ಅವಳು ಉಂಡಿ ಹಿಡಿದು ಅಂದಳು, ನೀವು ಶಿವನ ಹೆಸರು ಹಿಡಿದು ಅಂದಿರಿ.

ಪೆಟ್ಟು ಬಿದ್ದದ್ದು ಎಲ್ಲಿ ಅಂತ ಕೇಳಿ. ಬಾಣಂತಿ ತವರಿನಿಂದ ಬಂದ ಮೇಲೆ ಶ್ರೀಮಂತನ ಹೆಂಡತಿ ತಾನಾಗಿ ಬಂದು ಕರೆದಳು: ‘ಇನ್ನ ಅಡ್ಡಿ ಇಲ್ಲವಾ, ಅಡ್ಡಾಡಿಸು.’ ತಾಯಿ ಮಗಳನ್ನು ಗೋಡೆಗೆ ತಂದಳು. ದಾನಮ್ಮ ಕೈ ಚಾಚಿ ಗೋಡೆ ಹಿಡಿದಳು. ಕಾಲು ಮೇಲೇಳಲಿಲ್ಲ. ಬಿಗಿದುಹೋಗಿದ್ದವು. ಡಾಕ್ಟರಮ್ಮ ಮತ್ತೆ ಮೊದಲಿನಿಂದ ಶುರು ಮಾಡಿ ಅಂದರು. ಆ ಹುಡುಗಿ ನಡೆದಳೋ ಇಲ್ಲವೋ, ನನಗೆ ಗೊತ್ತಿಲ್ಲ. ನಿಮ್ಮ ಸಮಾಧಾನಕ್ಕೆ ನಡೆದಳು ಅಂತ ಸುಳ್ಳು ಹೇಳಲಾರೆ.

ಈಗ ನನಗೆ ಕೂರಲು ಯಾಕೆ ಆಗುತ್ತಿಲ್ಲ ಅಂತ ಕೇಳಿ. ಪ್ರವಚನ ಶುರುವಾದಾಗ ಹೆಂಗಸರ ಸಾಲಿನಲ್ಲಿ ಒಬ್ಬ ಹುಡುಗ ಜೋರಾಗಿ ಕೂಗಿದ. ತಿರುಗಿ ನೋಡಿದಿರಿ, ಶ್ ಅಂದಿರಿ. ಸೇವೆಗೆ ನಿಂತ ನಮ್ಮ ಮಡಿವಾಳಪ್ಪನವರು ಹೋಗಿ ‘ಹೊರಗ ಗಾಳಿ ಚೊಲೋ ಐತ್ರಿ ತಂಗಿ’ ಅಂದರು. ಮೆತ್ತಗೇ ಅಂದರು. ತಾಯಿ ಅಷ್ಟೆತ್ತರದ ಮಗನನ್ನು ಎತ್ತಿಕೊಂಡು ಹೋಗಿ ನಿಮ್ಮ ಚಪ್ಪಲಿಗಳ ನಡುವೆ ಕೂತಿದ್ದಾಳೆ. ನಿಮಗೆ ಕಾಣುವುದಿಲ್ಲ, ಬೆನ್ನು ಮಾಡಿ ಕೂತಿದ್ದೀರಿ. ನನಗೆ ಇಲ್ಲಿಂದ ಎದುರಿಗೇ ಕಾಣುತ್ತಾಳೆ.

ನಾಳೆಯಿಂದ ಏನು ಮಾಡಬೇಕು? ಕರೆಯಲು ಹೊರಟಾಗ ಅಂಥ ಮಗು ಇರುವ ಬಾಗಿಲು ದಾಟಿ ಹೋಗಬೇಡಿ. ಮಗುವನ್ನು ಮನೆಯಲ್ಲಿ ಬಿಟ್ಟು ಬಾ ಅನ್ನಬೇಡಿ. ಆ ತಾಯಿ ಒಂದು ತುತ್ತು ಬಿಸಿಯಾಗಿ ಉಣ್ಣುವ ತನಕ ಮಗುವನ್ನು ನಿಮ್ಮ ತೊಡೆಯ ಮೇಲೆ ಇಟ್ಟುಕೊಳ್ಳಿ, ಜೊಲ್ಲು ನಿಮ್ಮ ಸೆರಗಿನಿಂದಲೇ ಒರೆಸಿ. ಕೂಗುತ್ತಾನೆಯೇ? ಕೂಗಲಿ. ನನ್ನ ಮೈಕು ಅವನಿಗಿಂತ ಹೆಚ್ಚು ಕಿರುಚುತ್ತದೆ, ಅದನ್ನು ಯಾರೂ ಹೊರಗೆ ಕಳಿಸಿಲ್ಲ.

ನಾಳೆಯದು ನಾಳೆಗಿರಲಿ. ಈಗಲೇ ಮುಂದಿನ ಸಾಲಿನವರು ಸರಿದು ಜಾಗ ಮಾಡಿ. ಮಡಿವಾಳಪ್ಪನವರೇ, ಒಳಗೆ ಕರೆಯಿರಿ. ತಾಯಿಯನ್ನಲ್ಲ, ಆ ಹುಡುಗನನ್ನು ಹೆಸರು ಹಿಡಿದು ಕರೆಯಿರಿ. ಯಾಕೆ ನಿಂತಿರಿ? ಗೊತ್ತಿಲ್ಲವೇ? ಯಾರಿಗಾದರೂ ಗೊತ್ತೇ? ಇಷ್ಟು ಜನರಲ್ಲಿ ಒಬ್ಬರಿಗೂ ಗೊತ್ತಿಲ್ಲವೇ?

ಹೋಗಿ ಕೇಳಿಕೊಂಡು ಬನ್ನಿ. ಅವನು ಬಂದು ಇಲ್ಲಿ ಕೂರುವ ತನಕ ಈ ಮಠದಲ್ಲಿ ಮಂಗಲ ಆಗುವುದಿಲ್ಲ.