ನಾಯಿ ಮೂಗಿನ ರೋಬೋಟ್

೧೯೮೬ರ ಬೇಸಿಗೆ. ಬಳ್ಳಾರಿ ಬಸ್ ನಿಲ್ದಾಣದಲ್ಲಿ ಕುರುಗೋಡಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನ ಮೇಲೆ ಬಳೆಯಿಲ್ಲದ ಕೈಯ ಹೆಂಗಸೊಬ್ಬಳು ಕೂತಿದ್ದಳು. ಅವಳ ಮೈದುನ ಬಂದು ಕೂತ.

“ಕಾಲೇಜಿನ ವಿಜ್ಞಾನ ಪ್ರದರ್ಶನದಾಗ ಒಂದು ರೋಬೋಟ್ ಇಟ್ಟಾರ ಅತ್ತಿಗಿ. ನಾಯಿ ಮೂಗು ನೋಡಿ ಮಾಡ್ಯಾರಂತ.”

“ಏನ್ ಮಾಡತೈತಿ ಕೊಟ್ಟೂರಪ್ಪ?”

“ಗಾಲಿ ಮ್ಯಾಲ ಉರುಳತೈತಿ. ಮುಂದ ಕೆಟ್ಟ ಗಾಳಿ ಇದ್ರ ಅಲ್ಲೇ ನಿಂತು ಕೂಗತೈತಿ. ಬಾವಿಗೆ, ನೆಲದಾಗ ಕಾಳು ತುಂಬಿಡೋ ಹಗೇವಿಗೆ ಮನಷ್ಯಾ ಇಳಿಯೋಕಿಂತ ಮೊದಲು ಇಂಥಾದ್ದನ್ನ ಬಿಡಬೌದಂತ.”

“ನಿಮ್ಮಣ್ಣ ಜ್ವಾಳ ತಗಿಯಾಕ ಹಗೇವಿಗೆ ಇಳಿಯೋ ಮುಂದ ನಮ್ಮ ನಾಯಿ ಕರಿಯಾನೂ ಅದರ ಬಾಯಿ ಹತ್ರ ನಿಂತು ಕೂಗಿತ್ತು.”

“ಹೂಂ.”

“ಧೋತರ ಹಿಡದು ಎಳೀತು.”

“ಬಾಯಿ ತಗದ ಮ್ಯಾಲ ಒಂದಿನ ಗಾಳಿಗೆ ಬಿಡಬೇಕಿತ್ತು. ದೀಪಾನಾದ್ರೂ ಇಳಿಬಿಟ್ಟು ನೋಡಬೇಕಿತ್ತು. ಬೀಗರು ಬಂದಾರಂತ ಅಣ್ಣ ಅವಸರ ಮಾಡಿದ.”

“ನಾಯಿ ಊಳಿಟ್ಟಿದ್ದಕ್ಕ ಸಾವು ಬಂತು ಅಂದ್ರು ಎಲ್ಲಾರು.”

“ಅಂದ್ರು.”

“ಕಲ್ಲು ಹೊಡದು ಊರು ಬಿಡಿಸಿದ್ರು.”

ಬಸ್ ಬಂದು ನಿಂತಿತು. ಅವಳು ಕೈಚೀಲ ಎತ್ತಿಕೊಂಡು ಎದ್ದಳು.

“ಆ ರೋಬೋಟ್ ಕೂಗಿದಾಗ ಮಂದಿ ಏನ್ ಮಾಡಿದ್ರು?”

“ಚಪ್ಪಾಳಿ ಹೊಡದ್ರು.”

ಅವಳು ಸರಿ ಎಂಬಂತೆ ತಲೆಯಾಡಿಸಿ, ಸೆರಗು ಹೊದ್ದುಕೊಂಡು ಬಸ್ ಹತ್ತಿದಳು.