ತೊಟ್ಟಿಲದ ಕೆಳಗಿನ ಕೈ

ಏ, ಆ ಫ್ಲಾಶ್ ಹೊಡೀಬ್ಯಾಡಪಾ... ಕತ್ತಲಾಗ ಎಂಥಾ ಫೋಟೋ? ಕೂಡ್ರಿ ಎಲ್ಲಾರೂ. ನಮ್ಮ ಸೋದರಮಾವನ ಮಗ ಮಾಂತೂಗ ಆಗಿದ್ದು ಹೇಳ್ತೀನಿ.

ಎರಡು ಸಾವಿರದ ಎಂಟನೇ ಇಸವಿ. ಮಾಂತು ಪುಣೇದಾಗ, ಸದಾಶಿವ ಪೇಠದಾಗ ವಿಡಿಯೋ ಅಂಗಡಿ ಇಟ್ಟಿದ್ದ. ಅಲ್ಲೇ ಕೊಂಢವಾ ಏರಿಯಾದ ಪಾರವ್ವನ ಮೊಮ್ಮಗನ ಹೆಸರಿಡೋ ಕಾರ್ಯಾದ ವಿಡಿಯೋ ತಗದಿದ್ದ. ಹೆಣ್ಮಕ್ಕಳು ತೊಟ್ಟಿಲದ ಆಕಡೆ ಈಕಡೆ ನಿಂತು, "ಕೂಸು ತೊಗೋರಿ... ಕೂಸು ಕೊಡ್ರಿ..." ಅಂತ ತೊಟ್ಟಿಲದ ಕೆಳಗಿಂದ ಕೊಟ್ಟು ಮ್ಯಾಲಿಂದ ತೊಗೋತಾರಲ್ಲ, ಅದು.

ತೊಟ್ಟಿಲಾ ಪಾರವ್ವನ ಹಿರೀ ಸೊಸಿ ಸಪ್ನಾಂದು. ಆಕೀ ಕೂಸು ಹುಟ್ಟಿದ ವಾರದಾಗ ತೀರಿಕೊಂಡಿತ್ತು. "ಕೂಸು ನುಂಗಿದಾಕಿ" ಅಂದ್ಲು ಪಾರವ್ವ. ತೊಟ್ಟಿಲಾ ಮುಟ್ಟಗೊಡಲಿಲ್ಲ. ಎಂಥಾ ಬಾಯಿ ಆ ಮುದುಕೀದು! ನೆನಸಿದ್ರ ಇನ್ನೂ ಸಿಟ್ಟು ಬರ್ತದ. ಮುಂದ, ಈ ಕಾರ್ಯಾಕ್ಕ ಮೊದಲ, ಸಪ್ನಾನೂ ಸತ್ಲು... ಹೆಂಗ ಅಂತ ಕೇಳಬ್ಯಾಡ್ರಿ.

ವಿಡಿಯೋಕ್ಕ ಹಾಡು ಆರಿಸಾಕ ಪಾರವ್ವ ಅಂಗಡಿಗೆ ಬಂದ್ಲು. ಸಣ್ಣ ಸೊಸಿ ದೀಪಾಲಿ ಹಿಂದ ಬೆಂಚಿನ ಮ್ಯಾಲೆ ಕೂತಿದ್ಲು. ಉಡ್ಯಾಗ ಕೂಸು ಮಲಗಿತ್ತು.

ಮಾಂತೂನ ಹೊಸ ಕ್ಯಾಮೆರಾ ಚಿತ್ರಾನ ಮ್ಯಾಲಿಂದ ಕೆಳಗ ಗೆರಿ ಗೆರಿ ಓದ್ತಿತ್ತು. ಫೋಟೋದವನ ಫ್ಲಾಶು ಟಪ್ ಅಂತ ಅಷ್ಟರಾಗ ಮುಗೀತದ. ಹಿಂಗಾಗಿ ಒಂದ ಬೆಳಕು ಎರಡು ಫ್ರೇಮಿಗೆ ಹಂಚಿ ಬೀಳ್ತಿತ್ತು... ಮೊದಲಿನದರ ಕೆಳಗಿನ ಅರ್ಧ, ಮುಂದಿನದರ ಮ್ಯಾಲಿನ ಅರ್ಧ. ಚೆಂದ ಕಾಣೂದಿಲ್ಲಂತ ಅಂಥಾವನ್ನ ಕಿತ್ತೊಗೀತಾರ.

ಕೀಳಾಕ ಹೋದ ಮಾಂತು ತಡದಾ.

ಮೊದಲನೇ ಫ್ರೇಮು. ಕೆಳಗಿನ ಬೆಳಕಿನಾಗ, ತೊಟ್ಟಿಲದ ಕೆಳಗ, ಬಳಿ ಇಲ್ಲದ ಎರಡು ಕೈ ಕೂಸು ತೊಗೊಳ್ಳಾಕತ್ತಾವ. ಎರಡನೇದು. ಮ್ಯಾಲಿನ ಬೆಳಕಿನಾಗ ಅವ ಕೈ ಕೂಸಿನ್ನ ದೀಪಾಲಿಗೆ ತಿರುಗಿ ಕೊಡಾಕತ್ತಾವ.

"ಕಾಕೂ... ಈ ಕೈ ಯಾರವ್ರೀ?" ಅಂತ ಪಾರವ್ವನ್ನ ಕೇಳಿದಾ.

ಮಣಿಕಟ್ಟಿನ ಮ್ಯಾಲಿನ ಹಚ್ಚಿಬೊಟ್ಟು ನೋಡಿ ಪಾರವ್ವ ಗುರುತು ಹಿಡದ್ಲು. ಪಿಸುಗುಟ್ಟಿದ್ಲು, "ಆ ಹಾಳಾದಾಕಿ... ಎರಡೂ ತಗದ ಒಗಿ."

"ತಿರುಗಿ ಕೊಟ್ಟಾಳಲ್ರೀ... ಎರಡನೇದಾದ್ರೂ ಇರ್ಲಿ."

"ಆಕೀ ಕೈಲೆ ಬಂದ ಕೂಸು ನನಗ ಬ್ಯಾಡ. ಒಗಿ!"

ಟಕ್... ಮಾಂತು ಡಿಲೀಟ್ ಒತ್ತಿದಾ.

ಸ್ಪೀಕರಿನಾಗ ತೊಟ್ಟಿಲದ ಸರಪಳಿ... ಕಿರ್ರ್... ಕಿರ್ರ್... ಹಿಂದಿನಿಂದ ದೀಪಾಲಿ ಮೆಲ್ಲಕ ಕರದ್ಲು.

"ಅತ್ತೀ... ಕೂಸು ತಣ್ಣಗಾಗೇದ."

ಮಾಂತು ಅಳಿಸಿದ ಎರಡೂ ಫ್ರೇಮು ವಾಪಸ್ ತಂದಾ. ಬಂದುವು. ಕೂಸು ಮಾತ್ರ ಉಸುರಾಡಲಿಲ್ಲ.

ಕತಿ ಕಟ್ಟಾಕತ್ತೀನಿ ಅನ್ಕೋಬ್ಯಾಡ್ರಿ. ಆ ಫ್ರೇಮು ನಾನ ಕಣ್ಣಾರೆ ನೋಡೇನಿ. ಮೊದಲಿನದರಾಗ ಆ ಕೈ ಕೂಸು ತೊಗೊಳ್ಳಾಕತ್ತಾವ. ಎರಡನೇದರಾಗ ದೀಪಾಲಿ ಕೈ ಚಾಚಿ ನಗಾಕತ್ತಾಳ... ಕೈಯಾಗ ಏನೂ ಇಲ್ಲ.