ಕಾಲುಚೀಲದ ಮೂತಿ

…ಯಾಕೆ ನಗ್ತೀಯ? ಕೆಲಸ ಮಾಡಿ ಸುಸ್ತಾಯ್ತು ಅಂದ್ರೆ ನಗು ಬರುತ್ತಾ ನಿಂಗೆ? ಅಕ್ಕ ಮೂರು ಮಹಡಿ ಹತ್ತಿ ಬಂದಿದಾಳೆ, ಕೂತ್ಕೋ ಅನ್ನೋದು ಬಿಟ್ಟು... ಸರಿ, ನಾನೇ ಕೂತ್ಕೋತೀನಿ.

ಏನು ಹೇಳ್ತಿದ್ದೆ? ಹಾಂ, ಮೆಷಿನ್ನು. ಅಬ್ಬಬ್ಬಾ, ಅದೇನು ಮೆಷಿನ್ನೇ! ನಾವು ಎಂಟು ಜನ ಹೆಂಗಸರು ಕುಣಿಕೆ ಕುಣಿಕೆ ಹೆಕ್ಕಿ, ಕಾಲುಚೀಲದ ಮೂತಿ, ಆ ಬೆರಳಿನ ತುದಿ, ಹೊಲಿದು ಮುಚ್ತಿದ್ವಲ್ಲ... ನಮ್ಮ ಒಂದು ದಿನದ ಕೆಲಸಾನ ಅದು ಟೀ ಕುಡಿಯೋಷ್ಟರಲ್ಲಿ ಮುಗಿಸುತ್ತೆ. ಅದನ್ನ ಕೂರಿಸೋಕೆ ಬಂದ ಮೆಕ್ಯಾನಿಕ್ ಪಕ್ಕದಲ್ಲಿ ಏನಿಟ್ಕೊಂಡಿದ್ದ ಗೊತ್ತಾ? ನೀನು ಹೊಲಿದ ಜೋಡಿ! "ಈ ಹೊಲಿಗೆ ಬೆರಳಿಗೆ ತಾಗೋದೇ ಇಲ್ಲ, ಮೆಷಿನ್ನೂ ಹೀಗೇ ಹೊಲೀಬೇಕು" ಅಂದ. ಹೆಮ್ಮೆ ಪಡು! ನೀನು ಹೊರಗಿದ್ರೇನು, ನಿನ್ನ ಕೈ ಅಲ್ಲೇ ಇದೆ... ಹಾಗೆ ನೋಡಬೇಡ, ತಮಾಷೆ ಮಾಡಿದೆ ಕಣೇ.

ಮೆಷಿನ್ನಿಗೆ ಒಬ್ಬಳು ಸಾಕು. ಹಿರಿಯಳು ಅಂತ ನನ್ನ ಇಟ್ಕೊಂಡ್ರು. ನಾನೇನು ಯಾರ ಕಾಲೂ ಹಿಡೀಲಿಲ್ಲ.

ಬಿಡು. ನಾನು ಹೊತ್ತು ತಂದ ಈ ಗಂಟು ನೋಡು. ನಲವತ್ತು ಜೋಡಿ, ಎಲ್ಲದ್ರಲ್ಲೂ ಕುಣಿಕೆ ಬಿಟ್ಟಿದೆ. ದಾರ ಸಡಿಲಾದ್ರೆ ಮೆಷಿನ್ನು ಹಾಗೇ ಮಾಡುತ್ತೆ. ಕಂಡ ಕೂಡಲೇ ಕೆಂಪು ಗುಂಡಿ ಒತ್ತಬೇಕು. ನಾನು... ಆ ಗದ್ದಲದಲ್ಲಿ... ಆಮೇಲೆ ಗೊತ್ತಾಯ್ತು. ನೀನು ಸರಿಮಾಡಿ ಕೊಟ್ರೆ ಪ್ಯಾಕಿಂಗಿನವರು ಬರೋ ಮುಂಚೆ ರಾಶಿಗೆ ಸೇರಿಸಿಬಿಡ್ತೀನಿ. ಹೇಗೂ ಮನೇಲಿ ಸುಮ್ನೆ ಕೂತಿರ್ತೀಯಲ್ಲ?

ಇದೇನು, ಸೂಜಿ ನನ್ನ ಕೈಗೆ ಕೊಡ್ತೀಯ? ನಾನು ಪೋಣಿಸಬೇಕಾ? ಅಯ್ಯೋ, ಯಾವಾಗ್ಲೂ ನೀನೇ ಅಲ್ವೇನೇ... ಕೊಡು, ಇದೇನು ಮಹಾ! ...ದಾರದ ತುದಿ ಬಿಚ್ಚಿಕೊಂಡಿದೆ. ಬೇರೆ ಕೊಡು. ...ಥೂ, ಈ ಸೂಜಿಗೆ ಕಣ್ಣೇ ಇಲ್ಲ! ಆ ಕಿಟಕಿ ತೆಗಿ, ಸ್ವಲ್ಪ ಬೆಳಕು... ತೆಗೆದೇ ಇದೆಯಾ? ಹೂಂ. ಗೊತ್ತಾಯ್ತು.

ಏನಾದ್ರೂ ಅನ್ನೇ! ಹಾಗೆ ಬಾಯಿ ಹೊಲಿದವಳ ಥರ ಕೂರಬೇಡ. ನಾಲ್ಕು ವರ್ಷ ಊಟದ ಹೊತ್ತಲ್ಲಿ ನನ್ನ ಪಾಲಿನದ್ದನ್ನೂ ನೀನೇ ಹೊಲಿದುಕೊಟ್ಟೆ, ಯಾರ ಹತ್ರಾನೂ ಬಾಯಿಬಿಡಲಿಲ್ಲ. ಇಲ್ಲ ಅಂದ್ನಾ? ಮೆಷಿನ್ನಿಗೆ ಒಬ್ಬಳನ್ನ ಆರಿಸೋವಾಗ ಮ್ಯಾನೇಜರು ನನ್ನ ಒಳಗೆ ಕರೆದು ಕೇಳಿದ್ರು... "ನಿಮ್ಮಿಬ್ಬರಲ್ಲಿ ಯಾರಿಗೋ ಕಣ್ಣು ಮಂಜಂತಲ್ಲ, ಯಾರಿಗೆ?" ಅಂತ. ಬಾಯಿಗೆ ನಿನ್ನ ಹೆಸರು ಬಂತು. ಬಂದುಬಿಡ್ತು! ನಿಂಗೆ ಗಂಡ ದುಡಿದು ಹಾಕ್ತಾನೆ, ನಂಗ್ಯಾರಿದಾರೆ ಹೇಳು?

ಅಳ್ತಿದೀಯಾ? ಇಲ್ವಾ? ಇಷ್ಟು ದೂರದಿಂದ ನಂಗೆ ಸರಿಯಾಗಿ... ಬೈಯೇ! ಬೇಕಾದ್ರೆ ಕೆನ್ನೆಗೊಂದು ಬಾರಿಸು, ತಡೆಯಲ್ಲ.

ಗಂಟು ಮಾತ್ರ ಹಾಗೆ ಕಾಲಲ್ಲಿ ತಳ್ಳಬೇಡ ಕಣೇ. ಬೆಳಗಾಗೋದ್ರೊಳಗೆ ಮುಗಿಯುತ್ತಾ?